ಎಚ್ಚರದ ವಿಲನ್‌ನನ್ನು ಪೆದ್ದನಾಗಿಸದೆ ಕ್ಲೈಮ್ಯಾಕ್ಸ್‌ನಲ್ಲಿ ಸಿಕ್ಕಿಹಾಕಿಸುವುದು ಹೇಗೆ

ಎರಡು ಗಂಟೆ ಕಾಲ ಒಂದು ಫೋನ್ ಮಾಡುವುದಕ್ಕೂ ಹತ್ತು ಸಲ ಯೋಚಿಸಿದವನು ಕೊನೆಯ ಹದಿನೈದು ನಿಮಿಷದಲ್ಲಿ ಪಿಸ್ತೂಲು ಹಿಡಿದು ಒಬ್ಬನೇ ಪಾಳು ಶೆಡ್ಡಿಗೆ ಬರುತ್ತಾನೆ. ಮಾಡಿದ್ದನ್ನೆಲ್ಲ ದೊಡ್ಡ ದನಿಯಲ್ಲಿ ಒಪ್ಪಿಸುತ್ತಾನೆ, ಒದೆ ತಿನ್ನುತ್ತಾನೆ. ಹಿಂದಿನ ಸಾಲಿನಲ್ಲಿ ಕೂತವನು ‘ಅಯ್ಯೋ, ಇವನ್ಯಾಕೆ ಬಂದ?’ ಅನ್ನುತ್ತಾನೆ. ಗಾಂಧಿನಗರದ ಕಥಾಚರ್ಚೆಯಲ್ಲಿ ಈ ಪ್ರಶ್ನೆಗೆ ಸಿಗುವ ಮಾಮೂಲಿ ಉತ್ತರ, ‘ಫೈಟ್ ಶುರುವಾದರೆ ಯಾರೂ ಯೋಚನೆ ಮಾಡಲ್ಲ ಸಾರ್.’ ಯೋಚನೆ ಮಾಡುತ್ತಾರೆ. ಎರಡು ಗಂಟೆ ಕಾಲ ಆ ಪಾತ್ರದ ಜೊತೆ ಯೋಚಿಸುವುದನ್ನು ನೀವೇ ಕಲಿಸಿರುತ್ತೀರಿ.

ರಿಪೇರಿಗೆ ಮೊದಲು ಅವನು ಅಲ್ಲಿಗೆ ಬಂದದ್ದು ಯಾರ ಅಗತ್ಯಕ್ಕೆ ಎಂದು ನೋಡಿ. ಸಾಮಾನ್ಯವಾಗಿ ಕಥೆಗಾರನ ಅಗತ್ಯಕ್ಕೆ. ಹೀರೊ ಎದುರು ಅವನನ್ನು ನಿಲ್ಲಿಸಬೇಕು, ಅದೊಂದು. ಕೈಯಲ್ಲಿ ಸಾಕ್ಷ್ಯ ಖಾಲಿಯಾಗಿದೆ, ಅವನ ಬಾಯಿಂದಲೇ ಹೇಳಿಸಬೇಕು, ಅದು ಇನ್ನೊಂದು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ವಿಲನ್ ಪಾತ್ರಕ್ಕೆ ದೊಡ್ಡ ನಟ ಸಿಕ್ಕಿದ್ದಾರೆ, ಅವರಿಗೊಂದು ಅಬ್ಬರದ ಸೀನು ಕೊಡಬೇಕು. ಮೂರಕ್ಕೂ ಮದ್ದು ಬೇರೆ ಬೇರೆ. ಆದರೆ ಯಾವುದರಲ್ಲೂ ಅವನ ಎಚ್ಚರವನ್ನು ಕಿತ್ತುಹಾಕುವ ಹಾಗಿಲ್ಲ. ಅವನ ಒಂದು ಎಚ್ಚರಕ್ಕೆ ಅವನದೇ ಇನ್ನೊಂದು ಎಚ್ಚರ ಡಿಕ್ಕಿ ಹೊಡೆಯುವ ಹಾಗೆ ಸೀನು ಕಟ್ಟಬೇಕು. ಅದನ್ನು ಒಂದು ಉದಾಹರಣೆ ಹಿಡಿದು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ನಗರ್ತಪೇಟೆಯಲ್ಲಿ ಚಿನ್ನ ಕರಗಿಸುವ ಅಂಗಡಿ ಇಟ್ಟ ರಂಗಪ್ಪ. ಹಗಲು ನ್ಯಾಯವಾದ ವ್ಯಾಪಾರ, ರಾತ್ರಿ ಕದ್ದ ಒಡವೆ ಕರಗಿ ಚಿನ್ನದ ಗಟ್ಟಿಯಾಗುತ್ತದೆ. ಎದುರಿಗೆ ಒಬ್ಬ ಮಹಿಳಾ ಇನ್‌ಸ್ಪೆಕ್ಟರ್. ಸೀನ್ ಆರ್ಡರ್, ಅಂದರೆ ಸೀನುಗಳ ಪಟ್ಟಿ, 80 ಸೀನಿನದು ಅಂತ ಇಟ್ಟುಕೊಳ್ಳಿ, ಇಂಟರ್ವಲ್ 40ಕ್ಕೆ.

ನಿಯಮಗಳ ಪಟ್ಟಿ

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಅವನ ನಿಯಮ, ಎರಡನೆಯದರಲ್ಲಿ ಆ ನಿಯಮ ಹುಟ್ಟಿದ ಕಾರಣ, ಮೂರನೆಯದರಲ್ಲಿ ಪಾಲಿಸಲು ಅವನು ತೆರುವ ಬೆಲೆ. ನಾಲ್ಕು ನಿಯಮ ಸಾಕು. ಆರಕ್ಕೆ ಹೋದರೆ ಪ್ರೇಕ್ಷಕ ನೆನಪಿಡುವುದಿಲ್ಲ, ಒಂದೇ ಇದ್ದರೆ ಕೊನೆಗೆ ಮುರಿಯುವುದು ಅದನ್ನೇ ಎಂದು ಹತ್ತನೇ ಸೀನಿಗೇ ಗೊತ್ತಾಗುತ್ತದೆ.

ರಂಗಪ್ಪನವು ಇವು. ಬಂದ ಮಾಲು ಬೆಳಗಾಗುವುದರೊಳಗೆ ಮೂಸೆಗೆ, ಅಂದರೆ ಚಿನ್ನ ಕರಗಿಸುವ ಬಟ್ಟಲಿಗೆ, ಬಿದ್ದು ಗಟ್ಟಿಯಾಗಿ ಅಂಗಡಿ ದಾಟಬೇಕು. ಫೋನಿನಲ್ಲಿ ತೂಕ, ಹೆಸರು, ಜಾಗ ಯಾವುದೂ ಬರಕೂಡದು. ಕೆಲಸಕ್ಕಿರುವ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿರಬಾರದು, ಕೊಳ್ಳುವವನ ಮುಖವನ್ನೂ ನೋಡಿರಬಾರದು. ಬೇರೆಯವರ ಆಸಿಡ್ ಮುಟ್ಟಬಾರದು.

ಕೊನೆಯದು ಕಳ್ಳನ ನಿಯಮವಲ್ಲ, ಕಸುಬಿನ ನಿಯಮ. ಪಟ್ಟಿಯಲ್ಲಿ ಇಂಥದ್ದೊಂದು ಇರಲೇಬೇಕು, ಕ್ಲೈಮ್ಯಾಕ್ಸ್‌ನಲ್ಲಿ ಕೈಕೊಡುವುದು ಇದೇ. ಚಿನ್ನ ಪರೀಕ್ಷಿಸುವವರು ಒಡವೆಯನ್ನು ಅರದಿಂದ ಒಂಚೂರು ಕೆರೆದು, ಒರೆಗಲ್ಲಿನ ಮೇಲೆ ಉಜ್ಜಿ ಗೆರೆ ಎಳೆಯುತ್ತಾರೆ. ಪಕ್ಕದಲ್ಲಿ ಮಟ್ಟ ಗೊತ್ತಿರುವ ಚಿನ್ನದ ಗೆರೆ. ಎರಡರ ಮೇಲೂ ನೈಟ್ರಿಕ್ ಆಸಿಡ್ ಹನಿ ಬಿಟ್ಟರೆ ಕಡಿಮೆ ಮಟ್ಟದ್ದು ಮಾಸುತ್ತದೆ, 22 ಕ್ಯಾರೆಟ್ಟಿನದು, ಅಂದರೆ ಅಂಗಡಿ ಭಾಷೆಯ 916 (ನೂರಕ್ಕೆ 91.6 ಪಾಲು ಚಿನ್ನ), ಉಳಿಯುತ್ತದೆ. ಈಗ ಎಕ್ಸ್-ಕಿರಣ ಹಾಯಿಸಿ ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಬಂದಿದೆ, ಗೀರು ಬೀಳದಂತೆ ಶೇಕಡಾವಾರು ತೋರಿಸುತ್ತದೆ. ಆದರೆ ಅದು ಓದುವುದು ಮೇಲಿನ ಪದರವನ್ನು ಮಾತ್ರ, ದಪ್ಪ ಲೇಪವಿದ್ದರೆ ಮೋಸ ಹೋಗುತ್ತದೆ. ಯಂತ್ರಕ್ಕಿಂತ ತನ್ನ ಕೈ ದೊಡ್ಡದು ಎಂದು ರಂಗಪ್ಪ ನಂಬುವುದಕ್ಕೆ ಹೀಗೆ ಗಟ್ಟಿ ಕಾರಣವಿದೆ. ವಿಲನ್‌ನ ಅಹಂಕಾರಕ್ಕೆ ಆಧಾರವಿದ್ದರೆ ಅದು ಪಾತ್ರ. ಇಲ್ಲದಿದ್ದರೆ ಬರೀ ಮೀಸೆ ತಿರುವುವುದು.

ಬೆಲೆಯ ಕಾಲಂ ಖಾಲಿ ಬಿಡಬೇಡಿ. ನಗದು 2 ಲಕ್ಷ ರೂಪಾಯಿ ಮುಟ್ಟಿದರೆ ಪಡೆಯುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮ 2017ರ ಏಪ್ರಿಲ್‌ನಿಂದ ಇದೆ. ಅದಕ್ಕೇ ಅವನ ಬಿಲ್ಲುಗಳೆಲ್ಲ 1,90,000ದ ಆಸುಪಾಸು. ಎಚ್ಚರ ಸರಿ. ಆದರೆ ಒಂದೇ ಮೊತ್ತದ ನಲವತ್ತು ಬಿಲ್ಲು ಸಾಲಾಗಿ ಕಂಡರೆ ಅದೇ ಗುರುತು. ಕಳವಾದ ರಾತ್ರಿಗಳಲ್ಲೆಲ್ಲ ಅವನ ಫೋನು ಒಂಬತ್ತರಿಂದ ಐದರವರೆಗೆ ಸತ್ತಂತೆ ಬಿದ್ದಿರುತ್ತದೆ. ಕರೆ ವಿವರ ತರಿಸಿದಾಗ ಇನ್‌ಸ್ಪೆಕ್ಟರ್‌ಗೆ ಕಾಣುವುದು ಕರೆಗಳಲ್ಲ, ಆ ಖಾಲಿ ಜಾಗ. ತನಿಖೆಯ ಎಳೆ ಎಲ್ಲಿ ಹುಡುಕಲಿ ಎಂದು ಒದ್ದಾಡುವವರು ಮೊದಲು ಈ ಕಾಲಂ ತುಂಬಿಸಿ. ಅರ್ಧ ತನಿಖೆ ಅಲ್ಲೇ ಸಿಗುತ್ತದೆ.

ಮೂರು ಸಲ ತೋರಿಸುವುದು

ಕೊನೆಗೆ ಅವನನ್ನು ಎಳೆದು ತರುವ ಗುಣ ಕ್ಲೈಮ್ಯಾಕ್ಸ್‌ಗೆ ಮೊದಲು ಎರಡು ಸಲ ಕಂಡಿರಬೇಕು, ಮೂರನೆಯದು ಕ್ಲೈಮ್ಯಾಕ್ಸ್. ಮೊದಲನೆಯದು ಹಗುರವಾಗಿರಲಿ. ಸೀನ್ 8ರಲ್ಲಿ ಒಬ್ಬ ಅಜ್ಜಿ ಬಳೆ ತರುತ್ತಾಳೆ, ಯಂತ್ರ 91 ತೋರಿಸುತ್ತದೆ, ರಂಗಪ್ಪ ಅರ ಹಾಕಿ ‘ಒಳಗೆ ತಾಮ್ರ ಕೂತಿದೆ ಅಜ್ಜಿ’ ಅನ್ನುತ್ತಾನೆ. ಅಂಗಡಿ ಹುಡುಗ ಪಕ್ಕದ ಅಂಗಡಿಯ ಆಸಿಡ್ ಬಾಟಲಿ ತಂದಿಟ್ಟಾಗ ‘ಕಂಡೋರ ಆಸಿಡ್ ನಂಬ್ಕೊಂಡು ಕೆಲ್ಸ ಮಾಡ್ತಿಯೇನೋ’ ಎಂದು ಬೈದು ವಾಪಸ್ ಕಳಿಸುತ್ತಾನೆ. ಜನ ನಗುತ್ತಾರೆ, ಮುಂದೆ ಹೋಗುತ್ತಾರೆ. ಈ ಸಾಲಿಗೆ ಕ್ಲೋಸಪ್ ಬೇಡ, ಹಿನ್ನೆಲೆ ಸಂಗೀತವಂತೂ ಬೇಡವೇ ಬೇಡ. ರೀರೆಕಾರ್ಡಿಂಗ್‌ನಲ್ಲಿ ಇಲ್ಲೊಂದು ‘ಡಂಗ್’ ಸೇರಿಸಿದರೆ ಕ್ಲೈಮ್ಯಾಕ್ಸ್ ಅಲ್ಲೇ ಸೋರಿಹೋಗುತ್ತದೆ.

ಎರಡನೆಯದಕ್ಕೆ ಸಣ್ಣ ದಂಡ ಇರಬೇಕು. ಸೀನ್ 34ರಲ್ಲಿ ದಲ್ಲಾಳಿ ಗಟ್ಟಿಯ ಮಟ್ಟ 88 ಅನ್ನುತ್ತಾನೆ. ಬೆಳಗಾಗುತ್ತಿದೆ, ಮಾಲು ದಾಟಿಸಬೇಕು. ರಂಗಪ್ಪ ದಾಟಿಸುವುದಿಲ್ಲ, ಮತ್ತೆ ಒರೆಗೆ ಹಚ್ಚಿ ತೋರಿಸುತ್ತಾನೆ. ಅಷ್ಟರಲ್ಲಿ ಬೀಟ್ ಪೊಲೀಸ್ ಷಟರ್ ತಟ್ಟುತ್ತಾನೆ. ಕೂದಲೆಳೆಯಲ್ಲಿ ಪಾರಾಗುತ್ತಾನೆ. ಇಲ್ಲಿ ಪ್ರೇಕ್ಷಕನಿಗೆ ಎರಡು ವಿಷಯ ತಿಳಿಯುತ್ತದೆ: ತನ್ನ ಕೈಯ ಮಾತು ಬಂದಾಗ ಇವನು ನಿಯಮ ಮುರಿಯಬಲ್ಲ, ಮುರಿದೂ ತಪ್ಪಿಸಿಕೊಳ್ಳಬಲ್ಲ. ಎರಡನೆಯದನ್ನು ಬಹಳಷ್ಟು ಸ್ಕ್ರಿಪ್ಟುಗಳು ಮರೆಯುತ್ತವೆ. ಹಿಂದೊಮ್ಮೆ ಪಾರಾದ ನೆನಪಿಲ್ಲದಿದ್ದರೆ ಮೂರನೇ ಸಲದ ಧೈರ್ಯ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರವಿರುವುದಿಲ್ಲ. ಈ ಸೀನು ಇಂಟರ್ವಲ್ ದಾಟಿ ಹೋಗಬಾರದು. 70ನೇ ಸೀನಿನಲ್ಲಿ ನೆಟ್ಟ ಗಿಡ 76ಕ್ಕೆ ಹಣ್ಣು ಬಿಟ್ಟರೆ ಯಾರೂ ನಂಬುವುದಿಲ್ಲ.

ಬಾಗಿಲು ಮುಚ್ಚುವುದು

ಪ್ರೀ-ಕ್ಲೈಮ್ಯಾಕ್ಸ್ ಬರೆಯುವಾಗ ರಂಗಪ್ಪನ ಕಡೆ ಕೂತು, ಅವನಿಗಿರುವ ಅತ್ಯಂತ ಸುರಕ್ಷಿತ ದಾರಿಗಳನ್ನು ಬರೆಯಿರಿ. ಪ್ರಾಮಾಣಿಕವಾಗಿ ಬರೆಯಬೇಕು, ಕೆಲಸಕ್ಕೆ ಬಾರದವನ್ನು ಬರೆದು ಮುಚ್ಚಿದರೆ ಪ್ರಯೋಜನವಿಲ್ಲ. ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಗಟ್ಟಿ ಕೂತಿದೆ, ಕೊಳ್ಳುವವನು ‘ಇದು ಮುಕ್ಕಾಲು ಚಿನ್ನ, 75’ ಎಂದು ಹೇಳಿ ಕಳಿಸಿದ್ದಾನೆ. ಅವನಿಂದ ಹಾಗೆ ಹೇಳಿಸಿದ್ದು ಇನ್‌ಸ್ಪೆಕ್ಟರ್. ರಂಗಪ್ಪ ಏನು ಮಾಡಬಹುದು?

ಸುಮ್ಮನಿರಬಹುದು. ನಿಜವಾಗಿ ಎಚ್ಚರದವನು ಮೊದಲು ಮಾಡುವುದೇ ಇದು, ಆದ್ದರಿಂದ ಮೊದಲು ಮುಚ್ಚಬೇಕಾದ ಬಾಗಿಲೂ ಇದೇ. ಕುಲುಮೆ ಕೆಲಸದವನು ಆ ಮಧ್ಯಾಹ್ನ ಬಂಧನದಲ್ಲಿದ್ದಾನೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಾಳೆ ಮಧ್ಯಾಹ್ನದೊಳಗೆ ಅವನು ಏನು ಹೇಳುತ್ತಾನೋ ಗೊತ್ತಿಲ್ಲ, ಅಷ್ಟರೊಳಗೆ ಗಟ್ಟಿ ಕೈಬದಲಾಗಬೇಕು. ಗಡುವು ಪೊಲೀಸರ ಬಾಯಿಂದ ಬರುವುದು ಬೇಡ, ರಂಗಪ್ಪ ಗೋಡೆ ಗಡಿಯಾರ ನೋಡಿದರೆ ಸಾಕು.

ಗಟ್ಟಿಯನ್ನು ಅಂಗಡಿಗೆ ತರಿಸಬಹುದು. ಬೀದಿಯ ಕಂಬಕ್ಕೆ ಹೊಸ ಕ್ಯಾಮೆರಾ ಬಂದಿರುವುದನ್ನು ಸೀನ್ 61ರಲ್ಲಿ ಅವನೇ ನೋಡಿದ್ದಾನೆ. ಆ ಬಾಗಿಲೂ ಮುಚ್ಚಿತು.

ಇನ್ನೊಬ್ಬನನ್ನು ಕಳಿಸಬಹುದು. ಉಳಿದಿರುವವನು ಒಬ್ಬನೇ. ಅವನನ್ನು ಪೀಣ್ಯಕ್ಕೆ ಕಳಿಸಿದರೆ ಕೊಳ್ಳುವವನ ಮುಖ ನೋಡುತ್ತಾನೆ, ಮೂರನೇ ನಿಯಮ ಮುರಿಯುತ್ತದೆ. ಅದಕ್ಕಿಂತ ದೊಡ್ಡದು, ಅವನಿಗೆ ಒರೆ ಹಚ್ಚಲು ಬರುವುದಿಲ್ಲ. ಬೇರೆ ಪರೀಕ್ಷಕನನ್ನು ಕರೆಸುವುದೆಂದರೆ ರಂಗಪ್ಪನ ಕೈಗಿಂತ ಇನ್ನೊಂದು ಕೈ ಇದೆ ಎಂದು ಪೇಟೆಗೆಲ್ಲ ಸಾರಿದಂತೆ.

ಹೀಗೆ ಮೂರೂ ಬಾಗಿಲು ತೆರೆಯ ಮೇಲೆ ಮುಚ್ಚಿದಾಗ ‘ಹೋಗುವುದು’ ಎಂಬ ಹುಚ್ಚು ದಾರಿಯೇ ಇದ್ದುದರಲ್ಲಿ ವಾಸಿ ಅನ್ನಿಸುತ್ತದೆ. ಪ್ರತಿ ಬಾಗಿಲಿಗೆ ಅರ್ಧ ಪುಟಕ್ಕಿಂತ ಹೆಚ್ಚು ಖರ್ಚು ಮಾಡಬೇಡಿ. ಮುಚ್ಚುವುದು ಮಾತಿನಲ್ಲಿ ಆಗಬಾರದು. ಅಸಿಸ್ಟೆಂಟಿಗೆ ‘ನೋಡೋ, ಹಂಗ್ ಮಾಡಿದ್ರೆ ಹಿಂಗಾಗುತ್ತೆ’ ಎಂದು ವಿಲನ್ ಲೆಕ್ಕ ಒಪ್ಪಿಸುತ್ತಿದ್ದರೆ ಅದು ಪ್ರೇಕ್ಷಕನಿಗೆ ಕೊಟ್ಟ ವಿವರಣೆಪತ್ರ.

ಹೋಗುವ ದಾರಿ

ನಿಯಮ ಮುರಿಯಲು ಹೊರಟವನು ಉಳಿದ ನಿಯಮಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. ಈ ಒಂದು ಮಾತು ನೆನಪಿದ್ದರೆ ಅರ್ಧ ಕೆಲಸ ಆದಂತೆ, ಮತ್ತು ಇಲ್ಲಿ ಬೆಂಗಳೂರು ನಿಮಗೆ ಪುಕ್ಕಟೆ ಸಹಾಯ ಮಾಡುತ್ತದೆ.

ರಂಗಪ್ಪ ಫೋನನ್ನು ಅಂಗಡಿಯಲ್ಲೇ ಬಿಡುತ್ತಾನೆ, ಟವರ್ ಲೆಕ್ಕದಲ್ಲಿ ಅವನು ನಗರ್ತಪೇಟೆಯಲ್ಲೇ ಇರುತ್ತಾನೆ. ಕಾರು ಬೇಡ: ಸಂಜೆ ಗೊರಗುಂಟೆಪಾಳ್ಯದ ಜಂಕ್ಷನ್ನಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕೋ ಯಾರೂ ಹೇಳಲಾರರು, ಸಮಯ ಲೆಕ್ಕ ಹಾಕುವವನಿಗೆ ಅದು ಆಗದು. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಎಲ್ಲೂ ಬದಲಾಯಿಸದೆ ಪೀಣ್ಯ ಇಂಡಸ್ಟ್ರಿಗೆ ಇಳಿಯಬಹುದು, ಹನ್ನೊಂದನೇ ನಿಲ್ದಾಣ, ಸುಮಾರು ಅರ್ಧ ಗಂಟೆ. ಮುದುಕರ ಹಾಗೆ ಟೊಪ್ಪಿ, ಮಫ್ಲರ್, ಕೈಯಲ್ಲಿ ಬಟ್ಟೆ ಚೀಲ, ಟೋಕನ್ನಿಗೆ ಚಿಲ್ಲರೆ.

ಆದರೆ ಮೆಟ್ರೊ ಬಾಗಿಲಲ್ಲಿ ಲೋಹಶೋಧಕ ಇದೆ, ಚೀಲಕ್ಕೆ ಸ್ಕ್ಯಾನರ್ ಇದೆ. ಪಿಸ್ತೂಲು ಬರುವಂತಿಲ್ಲ. ಆಸಿಡ್ಡೂ ಬರುವಂತಿಲ್ಲ. ಒರೆಗಲ್ಲು ಬರುತ್ತದೆ, ಕಪ್ಪು ಕಲ್ಲಿಗೆ ಯಾರೇನು ಅನ್ನುತ್ತಾರೆ. ಅರ ಬಿಟ್ಟು ಹೋಗುತ್ತಾನೆ, ಶೆಡ್ಡಿನಲ್ಲಿ ಸಿಗುತ್ತದೆ ಎಂದು ಅವನಿಗೆ ಗೊತ್ತು. ಡಿಕ್ಕಿ ಆಗುವುದು ಈ ಜಾಗದಲ್ಲಿ: ಗುರುತು ಬಿಡಬಾರದು ಎಂಬ ಎಚ್ಚರ ಅವನನ್ನು ಮೆಟ್ರೊ ಹತ್ತಿಸಿತು. ಮೆಟ್ರೊ ಹತ್ತಿದ್ದರಿಂದ ‘ಕಂಡೋರ ಆಸಿಡ್’ ಮುಟ್ಟಬೇಕಾಯಿತು. ಅಂಗಡಿ ಬಿಡುವಾಗ ತನ್ನ ಆಸಿಡ್ ಬಾಟಲಿಯನ್ನು ಕೈಗೆತ್ತಿಕೊಂಡು, ಮೂರ್ನಾಲ್ಕು ಸೆಕೆಂಡ್ ನೋಡಿ, ವಾಪಸ್ ಇಡುವ ಒಂದು ಶಾಟ್ ಸಾಕು. ಆ ಶಾಟಿಗೆ ಮಾತು ಹಾಕಬೇಡಿ. ತಾನು ನಿಯಮ ಮುರಿಯುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿದೆ ಎಂದು ಪ್ರೇಕ್ಷಕನಿಗೆ ಕಾಣಬೇಕು. ಅರಿವಿಲ್ಲದೆ ಮುರಿದರೆ ಪೆದ್ದ, ಅರಿತು ಮುರಿದರೆ ಪಾತ್ರ.

1995ರ ಹಾಲಿವುಡ್ ಚಿತ್ರ ‘ಹೀಟ್’ನ ದರೋಡೆಕೋರ ನೀಲ್ ಮೆಕಾಲೆಯನ್ನು ಈ ವಿಷಯದಲ್ಲಿ ಎಲ್ಲರೂ ಉದಾಹರಿಸುತ್ತಾರೆ: 30 ಸೆಕೆಂಡಿನಲ್ಲಿ ಬಿಟ್ಟು ಹೋಗಲಾಗದ ಯಾವುದನ್ನೂ ಇಟ್ಟುಕೊಳ್ಳಬಾರದು ಎನ್ನುವವನು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಹಗೆ ತೀರಿಸಲು ಕಾರು ತಿರುಗಿಸುತ್ತಾನೆ. ಅದನ್ನು ನೋಡಿ ‘ಎಚ್ಚರದವನೂ ಕೊನೆಗೆ ತಪ್ಪುತ್ತಾನೆ’ ಎಂಬುದನ್ನಷ್ಟೇ ನಕಲು ಮಾಡುವವರು ಮುಂದಿನ ಭಾಗ ಗಮನಿಸುವುದಿಲ್ಲ. ಹಗೆ ತೀರಿಸಿ ಹೊರಬಂದು ಪೊಲೀಸ್ ಅಧಿಕಾರಿಯನ್ನು ಕಂಡ ಕೂಡಲೇ ಕಾರಿನಲ್ಲಿ ಕಾದಿರುವ ಹೆಂಗಸನ್ನು ಬಿಟ್ಟು ಅವನು ನಡೆದುಬಿಡುತ್ತಾನೆ. ಮುರಿದ ನಿಯಮ ಮತ್ತೆ ಬಂದು ಅವನ ಕೈಯಲ್ಲೇ ಪಾಲನೆಯಾಗುತ್ತದೆ, ಈ ಸಲ ಬೆಲೆ ತೆತ್ತು. ಕೊಲ್ಲಬೇಕಾದವನು ಮೊದಲ ದರೋಡೆಯಲ್ಲೇ ಕೆಲಸ ಕೆಡಿಸಿದವನು, ಒಮ್ಮೆ ಕೈಗೆ ಸಿಕ್ಕಿ ತಪ್ಪಿಸಿಕೊಂಡವನು ಎಂಬುದೂ ಮೊದಲೇ ಕಂಡಿರುತ್ತದೆ.

ಶೆಡ್ಡಿನೊಳಗೆ

ಪ್ಲೇಟಿಂಗ್ ಶೆಡ್ಡಿನಲ್ಲಿ ನೈಟ್ರಿಕ್ ಜೊತೆಗೆ ಹೈಡ್ರೋಕ್ಲೋರಿಕ್ ಆಸಿಡ್ಡೂ ಇರುತ್ತದೆ. ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಅಪ್ಪಟ ಚಿನ್ನವೂ ಕರಗುತ್ತದೆ. ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಇಡಿಸಿರುವುದು ಆ ಮಿಶ್ರಣದ ಬಾಟಲಿ. ರಂಗಪ್ಪ ಗೆರೆ ಎಳೆಯುತ್ತಾನೆ, ಹನಿ ಬಿಡುತ್ತಾನೆ. ಗೆರೆ ಮಾಯ. ಮೂವತ್ತು ವರ್ಷದ ಕೈ ಸುಳ್ಳಾಯಿತು.

ಎರಡು ನಿಮಿಷದಲ್ಲಿ ಮುಗಿಸಿ ಹೊರಡಬೇಕಿದ್ದವನು ಇನ್ನೊಂದು ಗೆರೆ ಎಳೆಯುತ್ತಾನೆ. ಪೊಲೀಸರಿಗೆ ಬೇಕಿದ್ದುದು ಇಷ್ಟೇ ಹೊತ್ತು. ಮಟ್ಟ ಗೊತ್ತಿರುವ ತನ್ನ ಉಂಗುರದ ಗೆರೆಯೂ ಅಳಿಸಿಹೋಗುವುದನ್ನು ಕಂಡಾಗ ಅವನಿಗೆ ಅರ್ಥವಾಗುತ್ತದೆ: ತಪ್ಪಿರುವುದು ಚಿನ್ನವಲ್ಲ, ಆಸಿಡ್. ತಿರುಗಿದರೆ ಬಾಗಿಲಲ್ಲಿ ಇನ್‌ಸ್ಪೆಕ್ಟರ್. ಗುಟ್ಟು ಬಿಡಿಸಿದವನೂ ಅವನೇ ಎಂಬುದನ್ನು ಗಮನಿಸಿ. ಸಿಕ್ಕಿಬೀಳುವ ಕ್ಷಣದಲ್ಲೂ ಆ ಕೋಣೆಯಲ್ಲಿ ಅತ್ಯಂತ ಬುದ್ಧಿವಂತ ಅವನಾಗಿರಬೇಕು.

ಕೈಯಲ್ಲಿ ಆಯುಧವಿಲ್ಲ ಎಂದರೆ ಫೈಟ್ ಮಾಸ್ಟರ್ ಮುಖ ಸಿಂಡರಿಸಬಹುದು. ಅವರಿಗೆ ಶೆಡ್ಡಿನ ಸಾಮಾನಿನ ಪಟ್ಟಿ ಕೊಡಿ: ತೊಟ್ಟಿ, ತಂತಿ ಬುಟ್ಟಿ, ರಬ್ಬರ್ ಕೈಗವಸು, ಒದ್ದೆ ನೆಲ. ಆದರೆ ರಂಗಪ್ಪ ಹತ್ತು ಜನರನ್ನು ಹೊಡೆಯುವುದಿಲ್ಲ. ದೀಪ ಆರಿಸುತ್ತಾನೆ, ಹಿಂಬಾಗಿಲಿಗೆ ಓಡುತ್ತಾನೆ, ಎಲ್ಲಿದೆ ಎಂದು ಬರುವಾಗಲೇ ನೋಡಿಟ್ಟಿರುತ್ತಾನೆ. ಹಿಂಬಾಗಿಲು ತಿಳಿಯದ ಜಾಗಕ್ಕೆ ಅವನು ಕಾಲಿಡುವುದೇ ಇಲ್ಲ.

ತಪ್ಪೊಪ್ಪಿಗೆ ಬೇಡ

ಶೆಡ್ಡಿನಲ್ಲಿ ಇನ್‌ಸ್ಪೆಕ್ಟರ್ ಮುಂದೆ ಎಲ್ಲ ಒಪ್ಪಿಕೊಳ್ಳುವ ಭಾಷಣ ನಾಟಕಕ್ಕೂ ಕೆಟ್ಟದ್ದು, ಕಾನೂನಿಗೂ ನಿಲ್ಲದು. ಪೊಲೀಸ್ ಅಧಿಕಾರಿ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ಬಂಧನದಲ್ಲಿರುವವನು ಕೊಟ್ಟ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ ಅದಕ್ಕೆ ಸಂಬಂಧಿಸಿದ ಭಾಗಕ್ಕೆ ಮಾತ್ರ ಬೆಲೆ. ಎಚ್ಚರದ ವಿಲನ್‌ಗೆ ಇದು ಬಾಯಿಪಾಠವಾಗಿರುತ್ತದೆ. ಹಾಗಾಗಿ ಅವನನ್ನು ಮೌನವಾಗಿರಿಸಿ, ಮೌನ ಮುರಿಯುವುದಾದರೆ ತನ್ನ ಕೈಯ ಹೆಮ್ಮೆ ಎಂಬ ಆ ಒಂದೇ ದೌರ್ಬಲ್ಯದ ಮೇಲೆ ಮುರಿಯಲಿ. ಸಿಕ್ಕಿಬಿದ್ದವನನ್ನು ಇನ್‌ಸ್ಪೆಕ್ಟರ್ ಕೆಣಕುತ್ತಾಳೆ:

‘ಮುಕ್ಕಾಲು ಚಿನ್ನ ಕೊಟ್ಟು ಪೂರ್ತಿ ದುಡ್ಡು ಇಸ್ಕೊಂಡ್ರಂತಲ್ಲ ರಂಗಪ್ಪನೋರೆ.’

ಮೌನ.

‘ಪೇಟೇಲೆಲ್ಲ ಅದೇ ಮಾತು. ಕಣ್ಣು ಮಂಜಾಗಿದೆ ಪಾಪ, ವಯಸ್ಸಾಯ್ತು ಅಂತಾರೆ.’

‘ಆ ಗಟ್ಟೀಲಿ ಹನ್ನೊಂದು ಬಳೆ, ಎರಡು ಸರ. ಒಂದೊಂದೂ ಒರೆಗೆ ಹಚ್ಚಿದೀನಿ ಮೇಡಂ. ತೊಂಬತ್ತೊಂದಕ್ಕಿಂತ ಕಮ್ಮಿ ಇರೋದು ಮೂಸೆಗೆ ಹಾಕಿಲ್ಲ.’

ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ತಾನು ಹೇಳಿದ್ದೇನೆಂದು ಗೊತ್ತಾಗುತ್ತದೆ, ನಮಗೂ. ಕೋರ್ಟಿಗೆ ಇದು ಸಾಲದು, ಅಲ್ಲಿಗೆ ಬೇಕಾದ್ದನ್ನು ಬಿಲ್ಲುಗಳು, ಕರೆ ವಿವರ ಮತ್ತು ಶೆಡ್ಡಿನ ಗಟ್ಟಿ ಕೊಡಲಿ. ಪ್ರೇಕ್ಷಕನಿಗೆ ಧಾರಾಳ ಸಾಕು.

ಕೆಲಸಕ್ಕೆ ಬಾರದ ನೆಪಗಳು

ಕುಡಿದಿದ್ದ, ಫೋನಿನ ಚಾರ್ಜ್ ಮುಗಿದಿತ್ತು, ಮಗಳಿಗೆ ಹುಷಾರಿರಲಿಲ್ಲ: ಇವು ಹೊರಗಿಂದ ಬಂದ ಕಷ್ಟಗಳು, ಪಾತ್ರದಿಂದ ಹುಟ್ಟಿದ ತಪ್ಪಲ್ಲ. ಬಂಟನನ್ನು ಪೆದ್ದನಾಗಿಸುವುದೂ ಅಷ್ಟೇ. ಪೆದ್ದ ಬಂಟನನ್ನು ಎಚ್ಚರದವನು ಇಟ್ಟುಕೊಂಡದ್ದಾದರೂ ಏಕೆ? ‘ಒಳಗೊಳಗೇ ಸಿಕ್ಕಿಬೀಳಬೇಕು ಅಂತಲೇ ಇದ್ದ’ ಎಂಬುದು ಚರ್ಚೆಯಲ್ಲಿ ಗಂಭೀರವಾಗಿ ಕೇಳಿಸುತ್ತದೆ, ತೆರೆಯ ಮೇಲೆ ಹಿಂದಿನ ಎರಡು ಗಂಟೆಯನ್ನೇ ಸುಳ್ಳು ಮಾಡುತ್ತದೆ.

ಪರೀಕ್ಷೆ ಸುಲಭ. ಕಥೆ ಗೊತ್ತಿಲ್ಲದ ಮೂವರಿಗೆ ಬೇರೆ ಬೇರೆಯಾಗಿ 70ನೇ ಸೀನಿನವರೆಗೆ ನರೇಷನ್ ಕೊಟ್ಟು ನಿಲ್ಲಿಸಿ, ‘ಈಗ ಇವನು ಏನು ಮಾಡ್ತಾನೆ?’ ಎಂದು ಕೇಳಿ. ಅವರು ಹೇಳುವ ಸುರಕ್ಷಿತ ದಾರಿ ನಿಮ್ಮ ಸ್ಕ್ರಿಪ್ಟಿನಲ್ಲಿ ಇನ್ನೂ ತೆರೆದಿದ್ದರೆ ಅದು ನೀವು ಮುಚ್ಚದ ಬಾಗಿಲು. ಮೂವರೂ ‘ಪೀಣ್ಯಕ್ಕೆ ಹೋಗ್ತಾನೆ’ ಎಂದರೆ ಸೀನ್ 34 ಜೋರಾಯಿತು, ಸ್ವಲ್ಪ ತಗ್ಗಿಸಿ.

ಶೂಟಿಂಗ್ ಮುಗಿದ ಮೇಲೆ ಗೊತ್ತಾದರೆ

ಎಡಿಟ್ ಟೇಬಲ್ಲಿನಲ್ಲಿ ಮೊದಲು ಕತ್ತರಿಸಿ, ಆಮೇಲೆ ಸೇರಿಸಿ. ತಪ್ಪೊಪ್ಪಿಗೆಯ ಭಾಷಣ ತೆಗೆದರೆ ಅರ್ಧ ಪೆದ್ದುತನ ಹೋಗುತ್ತದೆ. ವಿಲನ್ ಬೆನ್ನು ತೋರಿಸಿ ನಿಂತ ಅಥವಾ ಫೋನಿನ ಆಚೆ ಬದಿಯಲ್ಲಿರುವ ಶಾಟುಗಳನ್ನು ಪಟ್ಟಿ ಮಾಡಿ, ಅಲ್ಲೆಲ್ಲ ಡಬ್ಬಿಂಗ್‌ನಲ್ಲಿ ಮಾತು ಬದಲಿಸಬಹುದು. ಬಾಗಿಲು ಮುಚ್ಚುವ ಕೆಲಸವನ್ನು ಒಂದು ಸಾಲಿನಲ್ಲಿ ಅಲ್ಲಿ ತುರುಕಬಹುದು, ಎರಡು ಸಾಲಾದರೆ ತೇಪೆ ಕಾಣುತ್ತದೆ. ನಟನ ಕಾಲ್‌ಶೀಟ್ ಸಿಗದಿದ್ದರೆ ಕೈಯ ಶಾಟುಗಳನ್ನು ಪ್ಯಾಚ್ ವರ್ಕಿನಲ್ಲಿ (ಬಿಟ್ಟುಹೋದ ಚೂರುಪಾರು ಶಾಟುಗಳ ಶೂಟಿಂಗಿನಲ್ಲಿ) ಬೇರೆಯವರ ಕೈಯಿಂದ ತೆಗೆಯಿರಿ: ಬಾಟಲಿ ಎತ್ತಿ ವಾಪಸ್ ಇಡುವುದು, ಕಲ್ಲಿನ ಮೇಲೆ ಗೆರೆ. ಉಂಗುರ, ಅಂಗಿಯ ತೋಳು, ಉಗುರಿನ ಉದ್ದ ಕಂಟಿನ್ಯುಟಿ ಫೋಟೊಗೆ ಹೊಂದಬೇಕು. ಇದೆಲ್ಲ ಸೆನ್ಸಾರ್‌ಗೆ ಕಳಿಸುವ ಮೊದಲೇ ಮುಗಿಯಲಿ, ಪ್ರಮಾಣಪತ್ರ ಬಂದ ಮೇಲೆ ದೃಶ್ಯ ಬದಲಿಸಿದರೆ ಮತ್ತೆ ಮಂಡಳಿಯ ಬಾಗಿಲು ತಟ್ಟಬೇಕು.

ಗೆರೆ ಮಾಯವಾಗುವ ಶಾಟಿಗೆ ನಿಜವಾದ ಆಸಿಡ್ ಸೆಟ್ಟಿನೊಳಗೆ ಬರಲೇಬಾರದು. ಕ್ಯಾಮೆರಾ ಅಲುಗಾಡದಂತೆ ಬಿಗಿದು, ಬಂಗಾರದ ಬಣ್ಣದ ಗೆರೆಯಿರುವ ಕಲ್ಲಿನ ಮೇಲೆ ನೀರಿನ ಹನಿ ಬಿಟ್ಟು ಒಂದು ಶಾಟ್, ಗೆರೆ ಒರೆಸಿ ಅದೇ ಜಾಗದಲ್ಲಿ ಹನಿ ಬಿಟ್ಟು ಇನ್ನೊಂದು ಶಾಟ್, ನಡುವೆ 48 ಫ್ರೇಮಿನ ಡಿಸಾಲ್ವ್, ಅಂದರೆ ಮೊದಲ ಶಾಟ್ ಎರಡನೆಯದರಲ್ಲಿ ನಿಧಾನಕ್ಕೆ ಕರಗುವುದು. ಮ್ಯಾಕ್ರೊ ಲೆನ್ಸ್ ಇಲ್ಲದಿದ್ದರೆ ಆ ದಿನಕ್ಕೊಂದು ಬಾಡಿಗೆಗೆ ತನ್ನಿ, ಮಾಮೂಲಿ ಲೆನ್ಸಿನಲ್ಲಿ ಗೆರೆ ಕಾಣುವುದಿಲ್ಲ.